ಕೋವಿ ಇರುವ ಮನೆಯ ಹಿತ್ತಲಲ್ಲಿ ಒಂದು ಮೊಲ

ಮೊಲ ಬಿಲದಲ್ಲಿ ವಾಸಿಸುತ್ತದೆ ಎಂದು ನನ್ನ ಮಗನಿಗೆ ನಾನೇ ಹೇಳಿಕೊಟ್ಟಿದ್ದೆ. ಆಗ ಅವನಿಗೆ ಆರೋ ಏಳೋ ವರ್ಷ. ಒಂಬತ್ತನೆಯ ತರಗತಿಗೆ ಬರುವವರೆಗೂ ಅಪ್ಪ-ಮಗ ಇಬ್ಬರೂ ಅದನ್ನು ನಂಬಿಕೊಂಡೇ ಇದ್ದೆವು. ಆ ತಪ್ಪನ್ನು ತಿದ್ದಿದವರು ಶಾಲೆಯ ವಿಜ್ಞಾನದ ಮೇಷ್ಟ್ರಲ್ಲ. ಕೊಡಗಿನ ಒಬ್ಬ ಹಳೆಯ ಶಿಕಾರಿ.

2023ರ ಸೆಪ್ಟೆಂಬರ್ ಮೊದಲ ವಾರದ ಮಾತು. ನನ್ನ ಸಹೋದ್ಯೋಗಿಯೊಬ್ಬರು ಕೊಡಗಿನವರು. "ಈ ಸಲ ಕೈಲ್ ಪೊಳ್ದ್ ಭಾನುವಾರ ಬಂದಿದೆ, ಮಗನನ್ನೂ ಕರೆದುಕೊಂಡು ಬನ್ನಿ" ಎಂದು ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಬಂದಿದ್ದ ಆಹ್ವಾನವನ್ನು ಮತ್ತೆ ನೆನಪಿಸಿದರು. ಶನಿವಾರ ಬೆಳಿಗ್ಗೆ ಮೈಸೂರಿನಿಂದ ಹೊರಟೆವು. ಹುಣಸೂರು ದಾಟಿ ಆನೆಚೌಕೂರು ಬಂದರೆ ರಸ್ತೆಯ ಎರಡೂ ಬದಿಗೆ ಕಾಡು. ತಿತಿಮತಿ ಕಳೆದು ಗೋಣಿಕೊಪ್ಪಲಿಗೆ ಬರುವಷ್ಟರಲ್ಲಿ ಕಾಡು ಯಾವಾಗ ಮುಗಿಯಿತು, ಕಾಫಿ ತೋಟ ಯಾವಾಗ ಶುರುವಾಯಿತು ಎಂಬುದೇ ತಿಳಿಯಲಿಲ್ಲ. ಎತ್ತರದ ಮರಗಳು ಹಾಗೇ ಇವೆ. ಕೆಳಗಿನ ಪೊದೆಗಳ ಜಾಗದಲ್ಲಿ ಕಾಫಿ ಗಿಡ, ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಕಾಡಿನ ಪ್ರಾಣಿಗಳಿಗೂ ಈ ಗಡಿ ಅಷ್ಟು ಸ್ಪಷ್ಟವಾಗಿ ಗೊತ್ತಿಲ್ಲ ಎಂಬುದು ಆ ಮನೆಗೆ ಹೋದ ಮೇಲೆ ಅರ್ಥವಾಯಿತು.

ಹೆಂಚಿನ ಮನೆ, ಮುಂದೆ ಕಾಫಿ ಒಣಗಿಸುವ ಕಣ, ಹಿಂದೆ ಹಿತ್ತಲು. ಜಗಲಿಯ ಗೋಡೆಯ ಮೇಲೆ ಕಡವೆಯ ಕೊಂಬು, ಅದರ ಪಕ್ಕ ಬಣ್ಣ ಮಾಸಿದ ಒಂದು ಫೋಟೊ. ಅದರಲ್ಲಿ ಕೋವಿ ಹಿಡಿದು ನಿಂತ ಯುವಕ ನನ್ನ ಸಹೋದ್ಯೋಗಿಯ ತಂದೆ. ಈಗ ಅವರಿಗೆ ಎಪ್ಪತ್ತೆಂಟು. ನಾನು ಅವರನ್ನು ಮಾವ ಎಂದೆ, ಮಗ ಅಜ್ಜ ಎಂದ. ಈ ಬರಹದಲ್ಲಿಯೂ ಅಜ್ಜ ಎಂದೇ ಕರೆಯುತ್ತೇನೆ.

ಕೊಡಗಿನಲ್ಲಿ ಕೋವಿ ಬರೀ ಆಯುಧವಲ್ಲ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಈಡು, ಯಾರಾದರೂ ತೀರಿಕೊಂಡರೆ ಎರಡು. ಹುಲಿಯನ್ನು ಕೊಂದ ವೀರನಿಗೆ ಮದುವೆಯ ಸಂಭ್ರಮದಲ್ಲಿ 'ನರಿ ಮಂಗಲ' ಮಾಡುತ್ತಿದ್ದ ಕಾಲವೂ ಇತ್ತು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಸಿಕ್ಕ ಕೋವಿಯ ವಿನಾಯಿತಿ ಇಂದಿಗೂ ನಡೆದು ಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಆದರೆ ಅದು ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯೇ ಹೊರತು ಕಾಡುಪ್ರಾಣಿಗಳನ್ನು ಹೊಡೆಯಲು ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೆಲವು ಪ್ರಾಣಿಗಳಿಗೆ ಬೇಟೆಯ ಪರವಾನಗಿ ಪಡೆಯುವ ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಅಜ್ಜ ಶಿಕಾರಿ ಬಿಟ್ಟದ್ದು ಆಗಲೇ. "ಮನಸ್ಸು ಬದಲಾಗಿ ಬಿಟ್ಟದ್ದಲ್ಲ, ಕಾನೂನು ಬದಲಾಯಿತು ಅಂತ ಬಿಟ್ಟೆ" ಎಂದು ಅವರೇ ಹೇಳಿದರು. ದೊಡ್ಡ ಮಾತು ಆಡುವ ಅಭ್ಯಾಸ ಅವರಿಗಿಲ್ಲ.

ಊಟವಾದ ಮೇಲೆ ಮಗನಿಗೆ ಹಿತ್ತಲು ತೋರಿಸಲು ಕರೆದೊಯ್ದರು. ಬೀನ್ಸ್, ಸೌತೆ, ಕೆಸ, ಗಾಂಧಾರಿ ಮೆಣಸು, ಒಂದು ಪಾತಿಯಲ್ಲಿ ಗೆಣಸಿನ ಬಳ್ಳಿ. ಎಲ್ಲ ಕಡೆ ಕಳೆ ಕೊಚ್ಚಿ ಅಚ್ಚುಕಟ್ಟಾಗಿತ್ತು. ಬೇಲಿಯ ಪಕ್ಕದಲ್ಲಿ ಮಾತ್ರ ಎರಡು ಮಂಚದಷ್ಟು ಜಾಗದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದು ನಿಂತಿತ್ತು. ನಾಲ್ಕು ಮೂಲೆಗೂ ಗೂಟ ಹೊಡೆದು ಕೆಂಪು ಬಟ್ಟೆಯ ಚೂರು ಕಟ್ಟಿದ್ದರು.

"ಇದೇನಜ್ಜ, ಇಲ್ಲಿ ಮಾತ್ರ ಕೊಯ್ದಿಲ್ಲ?"

"ಅಲ್ಲಿ ಒಬ್ಬರು ಮಲಗುತ್ತಾರೆ" ಎಂದರು ಅಜ್ಜ.

ಬೀನ್ಸ್ ಕೀಳುತ್ತಿದ್ದ ಅಜ್ಜಿ ಅಲ್ಲಿಂದಲೇ ದೂರು ಹೇಳಿದರು. ಮೂರು ವರ್ಷದಿಂದ ಈ ಮೊಲದ ಸೇವೆ ನಡೆದಿದೆಯಂತೆ. ಬೀನ್ಸಿನ ಎಳೆ ಕುಡಿ ಅದಕ್ಕೆ, ಗೆಣಸಿನ ಸೊಪ್ಪು ಅದಕ್ಕೆ. ಕಳೆ ಕೊಚ್ಚುವ ಯಂತ್ರದವನಿಗೆ ಆ ಮೂಲೆಯ ಹತ್ತಿರ ಸುಳಿಯಲು ಬಿಡುವುದಿಲ್ಲ. ಹಳೆಯ ನಾಯಿ ಸತ್ತ ಮೇಲೆ ಇನ್ನೊಂದನ್ನು ತಂದಿಲ್ಲ. "ವರ್ಷಗಟ್ಟಲೆ ಮೊಲ ಹೊಡೆದು ತಂದು ಹಾಕಿದರು, ನಾನು ಸಾರು ಮಾಡಿದೆ. ಈಗ ಅದೇ ಮೊಲಕ್ಕೆ ನಾನು ತರಕಾರಿ ಬೆಳೆಯಬೇಕು!"

ನಾನು ನನ್ನ ತಿಳಿವಳಿಕೆ ತೋರಿಸಲು, "ಹಾಗಾದರೆ ಹುಲ್ಲಿನೊಳಗೆ ಅದರ ಬಿಲ ಇರಬೇಕು" ಎಂದೆ. ಅಜ್ಜ ನನ್ನ ಮುಖ ನೋಡಿದರು. "ಬಿಲವೇ? ನಮ್ಮ ಮೊಲ ಬಿಲ ತೋಡುವುದಿಲ್ಲ" ಎಂದರು. ಪುಸ್ತಕದಲ್ಲಿ ಹಾಗೆಯೇ ಇದೆ ಎಂದು ನಾನು ಬಿಡದೆ ವಾದಿಸಿದೆ. "ನಿಮ್ಮ ಮೊಲಕ್ಕೆ ಕಾಲೂ ಮೂರೇ ಇರಬೇಕು" ಎಂದು ನಕ್ಕುಬಿಟ್ಟರು. ಮಗನಿಗೆ ಗಾದೆ ಅರ್ಥವಾಗಿ ನನಗಿಂತ ಹೆಚ್ಚು ನಕ್ಕ.

ವಿಷಯ ಹೀಗಿದೆ. ಪಂಜರದಲ್ಲಿ ಸಾಕುವ ಬಿಳಿ ಮೊಲ ಯುರೋಪಿನ ಕಾಡುಮೊಲದ ಸಂತತಿ. ಅದು ಗುಂಪಿನಲ್ಲಿ ಬದುಕುತ್ತದೆ, ಬಿಲ ತೋಡುತ್ತದೆ. ಅದರ ಮರಿಗಳು ಮೈಮೇಲೆ ಕೂದಲಿಲ್ಲದೆ, ಕಣ್ಣು ತೆರೆಯದೆ ಹುಟ್ಟುತ್ತವೆ. ನಮ್ಮ ಬಯಲು ಮತ್ತು ತೋಟಗಳಲ್ಲಿ ಇರುವುದು ಬೇರೆಯೇ ಪ್ರಾಣಿ. ಕುತ್ತಿಗೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆ, ಉದ್ದ ಕಿವಿ, ಉದ್ದ ಹಿಂಗಾಲು, ಒಂಟಿ ಬದುಕು. ಬಿಲವಿಲ್ಲ, ಹುಲ್ಲಿನಲ್ಲಿ ಮೈಯಳತೆಗೆ ತಕ್ಕ ಒಂದು ತಗ್ಗು ಮಾಡಿಕೊಂಡು ಹಗಲೆಲ್ಲ ಅದರಲ್ಲಿ ಕಿವಿ ಮಡಚಿ ಅಡಗಿರುತ್ತದೆ. ಮರಿಗಳು ಹುಟ್ಟುವಾಗಲೇ ಮೈತುಂಬ ರೋಮ, ತೆರೆದ ಕಣ್ಣು. ಇಂಗ್ಲಿಷಿನಲ್ಲಿ ಒಂದು ರ‍್ಯಾಬಿಟ್, ಇನ್ನೊಂದು ಹೇರ್. ಕನ್ನಡದಲ್ಲಿ ಎರಡಕ್ಕೂ ಮೊಲ ಎಂದೇ ಹೆಸರು. ನನ್ನ ಗೊಂದಲಕ್ಕೆ ಅದೇ ಕಾರಣ. ಎರಡೂ ಇಲಿ-ಅಳಿಲುಗಳ ಬಳಗಕ್ಕೆ ಸೇರಿದವಲ್ಲ. ಮೇಲಿನ ಎರಡು ಬಾಚಿಹಲ್ಲುಗಳ ಹಿಂದೆ ಇನ್ನೆರಡು ಪುಟ್ಟ ಹಲ್ಲುಗಳಿರುವುದು ಇವುಗಳ ಗುರುತು. ಇದನ್ನೆಲ್ಲ ನಾನು ಊರಿಗೆ ಮರಳಿದ ಮೇಲೆ ಓದಿ ಖಚಿತಪಡಿಸಿಕೊಂಡೆ. ಅಜ್ಜ ಓದಿ ಕಲಿತವರಲ್ಲ.

ಸಂಜೆ ಆರೂವರೆಗೆ ಹಿಂಬದಿಯ ಜಗಲಿಯ ದೀಪ ಆರಿಸಿ ನಮ್ಮನ್ನು ಕೂರಿಸಿದರು. ಮಾತಾಡಬಾರದು, ಕಾಲು ಅಲ್ಲಾಡಿಸಬಾರದು ಎಂಬ ಷರತ್ತು. ಬೆಳಕು ಬೂದಿಯ ಬಣ್ಣಕ್ಕೆ ತಿರುಗುವ ಹೊತ್ತಿಗೆ ಹುಲ್ಲಿನ ತುದಿ ಅಲುಗಿತು. ಮೊದಲು ಎರಡು ಕಿವಿ ಕಾಣಿಸಿದವು. ಬಹಳ ಹೊತ್ತು ಕಿವಿ ಮಾತ್ರ. ಆಮೇಲೆ ಕಂದು ಬಣ್ಣದ ಪ್ರಾಣಿಯೊಂದು ಹೊರಬಂದು ಮುಂಗಾಲು ಚಾಚಿ ಮೈಮುರಿಯಿತು, ನಿದ್ದೆಯಿಂದ ಎದ್ದ ಮನುಷ್ಯರ ಹಾಗೆಯೇ. ಎಡಗಿವಿಯ ತುದಿ ಹರಿದಿತ್ತು. ಅಜ್ಜನಿಗೆ ಅದೇ ಗುರುತು. ಮೊಲ ಮುಂಗಾಲಿನಿಂದ ಮುಖ ಒರೆಸಿಕೊಂಡು ಗೆಣಸಿನ ಪಾತಿಯ ಕಡೆ ಕುಪ್ಪಳಿಸಿತು.

"ಹೊಟ್ಟೆ ಇಳಿದಿದೆ. ಮರಿ ಹಾಕಿದೆ" ಎಂದು ಅಜ್ಜ ಉಸಿರಿನಲ್ಲೇ ಹೇಳಿದರು.

ರಾತ್ರಿ ಎಂಟು ದಾಟಿದ ಮೇಲೆ ಮೋಡದ ಸಂದಿನಲ್ಲಿ ಹುಣ್ಣಿಮೆ ಕಳೆದ ಚಂದ್ರ ಬಂದ. ಶಶಾಂಕ ಎಂದರೆ ಮೊಲದ ಗುರುತುಳ್ಳವನು ಎಂದು ನಾನು ಮಗನಿಗೆ ವಿವರಿಸುತ್ತಿದ್ದೆ. ಈ ವಿಷಯದಲ್ಲಾದರೂ ನನ್ನದು ತಪ್ಪಿರಲಿಲ್ಲ. ಮಗನ ಗಮನ ಬೇರೆ ಕಡೆ ಇತ್ತು.

"ಅಜ್ಜ, ಅದಕ್ಕೆ ಏನು ಹೆಸರಿಟ್ಟಿದ್ದೀರಿ?"

"ಹೆಸರು ಇಟ್ಟಿಲ್ಲ. ಹೆಸರಿಟ್ಟರೆ ಕರೆಯಬೇಕು ಅನ್ನಿಸುತ್ತದೆ. ಕರೆದರೆ ಬರಬೇಕು ಅನ್ನಿಸುತ್ತದೆ. ಕರೆದವರ ಹತ್ತಿರ ಹೋಗುವ ಮೊಲ ಎಷ್ಟು ದಿನ ಬದುಕೀತು?"

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಾನು ಹೆದರುತ್ತಿದ್ದ ಪ್ರಶ್ನೆಯನ್ನೇ ಕೇಳಿಬಿಟ್ಟ. "ನೀವು ಎಷ್ಟೊಂದು ಮೊಲ ಹೊಡೆದಿದ್ದೀರಂತಲ್ಲ. ಇದೊಂದರ ಮೇಲೆ ಮಾತ್ರ ಯಾಕೆ ಪ್ರೀತಿ?"

ಅಜ್ಜ ಬೇಸರಪಡಲಿಲ್ಲ. ತಲೆಗೆ ಬ್ಯಾಟರಿ ಕಟ್ಟಿಕೊಂಡು ರಾತ್ರಿ ಹೊರಟರೆ ಮೊಲ ಎಂದರೆ ಎರಡು ಕೆಂಡದಂಥ ಕಣ್ಣು, ಅಷ್ಟೇ. ಕಣ್ಣಿಗೆ ಗುರಿಯಿಟ್ಟು ಚರೆ ತೋಟಾ ಹಾರಿಸುವುದು, ಚೀಲಕ್ಕೆ ಹಾಕುವುದು. ಅದು ಎಲ್ಲಿ ಮಲಗುತ್ತದೆ, ಯಾವ ದಾರಿಯಲ್ಲಿ ಬರುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಮೊಲ ನೆಲೆಗೆ ಮರಳುವಾಗ ನೇರ ಬರುವುದಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಥಟ್ಟನೆ ಪಕ್ಕಕ್ಕೆ ಜಿಗಿದು, ವಾಸನೆಯ ಎಳೆಯನ್ನು ಕಡಿದು ಆಮೇಲೆ ಮಲಗುತ್ತದೆ. "ಅದನ್ನೆಲ್ಲ ತಿಳಿದುಕೊಂಡದ್ದು ಹೊಡೆಯಲು. ಅದು ಮೈಮುರಿಯುವುದನ್ನು, ಮುಖ ಒರೆಸಿಕೊಳ್ಳುವುದನ್ನು ನೋಡಿದ್ದು ಮೂರು ವರ್ಷದಿಂದ ಈಚೆಗೆ. ಮೊಣಕಾಲು ನೋವು ಬಂದು ಈ ಜಗಲಿಯಲ್ಲಿ ಕೂರುವ ಹಾಗಾಯಿತಲ್ಲ, ಆಮೇಲೆ."

ಇಷ್ಟು ಹೇಳಿ ಎದ್ದು ಹೋದರು. ಮಗನಿಗೆ ಉತ್ತರ ಸಾಲಲಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು.

ಮರುದಿನ ಬೆಳಗಿನ ಆರು ಗಂಟೆಗೆ ಎಚ್ಚರವಾದಾಗ ಮಗ ಹಾಸಿಗೆಯಲ್ಲಿರಲಿಲ್ಲ. ಹೊರಗೆ ತುಂತುರು ಮಳೆ. ಹಿತ್ತಲಿಗೆ ಹೋಗಿ ನೋಡಿದರೆ ಗೆಣಸಿನ ಪಾತಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೈ ಮುಂದೆ ಚಾಚುತ್ತಿದ್ದಾನೆ. ಬಳ್ಳಿಯ ಎಲೆಗಳ ನಡುವೆ ಅಂಗೈಯಷ್ಟು ದೊಡ್ಡ ಮರಿಯೊಂದು ಮುದುಡಿ ಕೂತಿತ್ತು. ರೋಮದ ಮೇಲೆ ಹನಿ ನಿಂತಿತ್ತು. ಕಣ್ಣು ಪೂರ್ತಿ ತೆರೆದಿತ್ತು, ಆದರೆ ರೆಪ್ಪೆ ಕೂಡ ಅಲುಗುತ್ತಿರಲಿಲ್ಲ.

"ಕುಂಞಿ, ಮುಟ್ಟಬೇಡ." ಬೇಲಿಯ ಕಡೆಯಿಂದ ಅಜ್ಜನ ದನಿ. ಕೂಗಲಿಲ್ಲ, ಮೆಲ್ಲಗೆ ಹೇಳಿದರು. ಮಗ ಕೈ ಹಿಂತೆಗೆದ. ಅಜ್ಜನ ಕೈಯಲ್ಲಿ ಸುರುಳಿ ಸುತ್ತಿದ ತಂತಿಯ ತುಂಡೊಂದಿತ್ತು.

"ಇದರ ಅಮ್ಮ ಬಿಟ್ಟು ಹೋಗಿದೆ ಅಜ್ಜ. ಒಂದೇ ಇದೆ. ನೆನೆಯುತ್ತಿದೆ" ಎಂದ ಮಗ. ಅವನ ಗಂಟಲು ಕಟ್ಟಿತ್ತು.

ಬಿಟ್ಟು ಹೋಗಿಲ್ಲ ಎಂದು ಅಜ್ಜ ತಿಳಿಯ ಹೇಳಿದರು. ತಾಯಿ ಹತ್ತಿರವಿದ್ದರೆ ಅದರ ವಾಸನೆಗೆ ಕಾಡುಬೆಕ್ಕು, ನರಿ, ಮುಂಗುಸಿ ಬರುತ್ತವೆ. ಮರಿಗೆ ವಾಸನೆ ಕಡಿಮೆ, ಅಲುಗದೆ ಕೂತರೆ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದಲೇ ತಾಯಿ ದೂರ ಇರುತ್ತದೆ, ಕತ್ತಲಾದ ಮೇಲೆ ಬಂದು ಹಾಲು ಕೊಟ್ಟು ಹೋಗುತ್ತದೆ. ಎರಡು ಮೂರು ಮರಿಗಳಿದ್ದರೆ ಅವೂ ಬೇರೆ ಬೇರೆ ಕಡೆ ಅಡಗಿರುತ್ತವೆ.

"ಸಂಜೆ ತನಕ ಒಳಗೆ ಇಟ್ಟುಕೊಂಡು ಆಮೇಲೆ ಬಿಡೋಣ" ಎಂದು ಮಗ ಪಟ್ಟು ಹಿಡಿದ.

ಆಗ ಅಜ್ಜ ಹಿಂದಿನ ರಾತ್ರಿ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದರು. ಅವರ ಮಗಳು ಚಿಕ್ಕವಳಾಗಿದ್ದ ಕಾಲ. ಒಂದು ರಾತ್ರಿ ಹೊಡೆದು ತಂದ ಮೊಲವನ್ನು ಸುಲಿಯುವಾಗ ಮೊಲೆಯಲ್ಲಿ ಹಾಲು ಕಂಡಿತು. ಮತ್ತೆ ಬ್ಯಾಟರಿ ಕಟ್ಟಿಕೊಂಡು ಅದೇ ಜಾಗಕ್ಕೆ ಹೋಗಿ ಹುಡುಕಿದರು. ಎರಡು ಮರಿ ಸಿಕ್ಕಿದವು. ಬುಟ್ಟಿಯಲ್ಲಿ ಬಟ್ಟೆ ಹಾಸಿ ತಂದರು. ಮಗಳು ಹತ್ತಿಯ ಬತ್ತಿ ಮಾಡಿ ಹಸುವಿನ ಹಾಲು ಕುಡಿಸಿದಳು, ಶಾಲೆಗೂ ಹೋಗಲಿಲ್ಲ. ಒಂದು ಮರುದಿನ ಸತ್ತಿತು, ಇನ್ನೊಂದು ಮೂರನೆಯ ದಿನ.

"ಆಮೇಲೆ ಬೇಟೆ ಬಿಟ್ಟಿರಾ?"

"ಇಲ್ಲ. ಮುಂದಿನ ವಾರವೇ ಹೋದೆ."

ಮಗ ಏನೂ ಹೇಳಲಿಲ್ಲ. ಅಜ್ಜ ಬೇಕಾಗಿದ್ದರೆ ಬೇರೆ ಉತ್ತರ ಕೊಡಬಹುದಿತ್ತು. ಅಂದಿನಿಂದ ಕೋವಿ ಮುಟ್ಟಲಿಲ್ಲ ಎಂದಿದ್ದರೆ ಕಥೆ ಚೆನ್ನಾಗಿರುತ್ತಿತ್ತು, ನಮ್ಮಂಥ ತಂದೆ ತಾಯಂದಿರಿಗೆ ಮಕ್ಕಳ ಮುಂದೆ ಹೇಳಲು ಒಂದು ನೀತಿಯೂ ಸಿಗುತ್ತಿತ್ತು. ಅವರು ಸುಳ್ಳು ಹೇಳಲಿಲ್ಲ. ಮಗ ಅವರನ್ನು ನಂಬಿದ್ದು ಆ ಕಾರಣಕ್ಕೇ ಎಂದು ನನಗೆ ಅನ್ನಿಸಿತು. ಎದ್ದು ಎರಡು ಹೆಜ್ಜೆ ಹಿಂದೆ ಸರಿದ.

ಕೈಯಲ್ಲಿದ್ದ ತಂತಿಯೂ ಒಂದು ಪಾಠವೇ ಆಯಿತು. ಅದು ಉರುಲು. ಹಂದಿಗೋ ಮೊಲಕ್ಕೋ ಎಂದು ಯಾರೋ ಬೇಲಿಯ ಸಂದಿಗೆ ಕಟ್ಟಿ ಹೋಗಿರುತ್ತಾರೆ. ಇಂಥ ಉರುಲಿಗೆ ಚಿರತೆ, ಹುಲಿಗಳೂ ಬಿದ್ದು ನರಳಿ ಸಾಯುವುದುಂಟು. ಅಜ್ಜ ದಿನಾ ಬೆಳಿಗ್ಗೆ ಕೋಲೂರಿಕೊಂಡು ತೋಟದ ಬೇಲಿಯುದ್ದಕ್ಕೂ ನಡೆದು ಇವನ್ನು ಕಿತ್ತುಹಾಕುತ್ತಾರೆ. ಅಷ್ಟು ಉದ್ದದ ಬೇಲಿಯಲ್ಲಿ ಹೇಗೆ ಹುಡುಕುತ್ತೀರಿ ಎಂದು ಕೇಳಿದೆ. "ನಾನಾಗಿದ್ದರೆ ಎಲ್ಲಿ ಕಟ್ಟುತ್ತಿದ್ದೆ ಅಂತ ನೋಡುತ್ತೇನೆ. ಅಲ್ಲೇ ಇರುತ್ತದೆ" ಎಂದರು.

ಇದೇ ನೆಲ ಬೇಟೆಗಾರರನ್ನು ಕೊಟ್ಟಂತೆ ಕಾಡು ಕಾದವರನ್ನೂ ಕೊಟ್ಟಿದೆ. ನಾಗರಹೊಳೆಯನ್ನು ಕಳ್ಳಬೇಟೆಯಿಂದ ಉಳಿಸಲು ಜೀವ ಒತ್ತೆಯಿಟ್ಟು ದುಡಿದ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಕೊಡಗಿನವರೇ. ಅವರು 2024ರಲ್ಲಿ ತೀರಿಕೊಂಡರು. ಕಾಡು ಕಾಯಲೂ ಕಾಡಿನ ಹೆಜ್ಜೆ ಗುರುತು ಓದುವ ವಿದ್ಯೆಯೇ ಬೇಕು.

ಅಂದು ಹಬ್ಬ. ನಾಟಿಯ ಕೆಲಸ ಮುಗಿಯುವವರೆಗೆ ದೇವರ ಕೋಣೆಯಲ್ಲಿ ಇಟ್ಟಿದ್ದ ಆಯುಧಗಳನ್ನು ಹೊರತೆಗೆದು ಪೂಜಿಸುವ ದಿನವೇ ಕೈಲ್ ಪೊಳ್ದ್. ಗದ್ದೆಯ ಪೈರನ್ನು ಹಂದಿಗಳಿಂದ ಕಾಯಲು ಕೋವಿ ಬೇಕಾಗಿದ್ದ ಕಾಲದ ಲೆಕ್ಕ ಅದು. ಒಡಿಕತ್ತಿ, ಪೀಚೆಕತ್ತಿ, ಜೋಡು ನಳಿಗೆಯ ಕೋವಿ ಎಲ್ಲವನ್ನೂ ದೀಪದ ಮುಂದೆ ಜೋಡಿಸಿ ಗಂಧ ಹಚ್ಚಿದರು. ಕೋವಿಯ ನಳಿಗೆಗೆ ಬೆಂಕಿಯ ಬಣ್ಣದ ತೋಕ್ ಪೂ ಸಿಕ್ಕಿಸಿದರು. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ, ಹೂವು ನಮ್ಮ ಕಡೆಯ ಗೌರಿ ಹೂವು. ಊಟಕ್ಕೆ ಕಡಂಬುಟ್ಟು, ಪಂದಿ ಕರಿ. ಹಂದಿ ಈಗ ಸಾಕಿದ್ದು. ನಮಗೆ ಕಡಂಬುಟ್ಟಿನ ಜೊತೆ ಅಜ್ಜಿ ಕುಂಬಳಕಾಯಿಯ ಪಲ್ಯ ಮಾಡಿದ್ದರು.

ಮಧ್ಯಾಹ್ನ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ. ಎತ್ತರದ ಮರಕ್ಕೆ ಕಾಯಿ ಕಟ್ಟಿದ್ದರು. ಅಜ್ಜ ತಮ್ಮ ಸರದಿ ಬಂದಾಗ ಮೊಣಕಾಲು ನೋವು ಮರೆತವರಂತೆ ನಿಂತು, ಒಂದೇ ಈಡಿಗೆ ಕಾಯಿ ಒಡೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗ ತಟ್ಟಲಿಲ್ಲ. ಹತ್ತಿರ ಬಂದು ನನ್ನ ತೋಳು ಹಿಡಿದು, "ಅಪ್ಪ, ಈ ಸದ್ದಿಗೆ ಹೆದರಿ ಅಮ್ಮ ಮೊಲ ಬರದೇ ಹೋದರೆ?" ಎಂದ.

ನಾವು ನಾಲ್ಕು ಗಂಟೆಗೆ ಹೊರಡಬೇಕಿತ್ತು. ಸೋಮವಾರ ಅವನಿಗೆ ಶಾಲೆ, ನನಗೆ ಕಚೇರಿ. ಅವನು ಕಾರು ಹತ್ತಲು ಒಪ್ಪಲಿಲ್ಲ. ಗದರಿಸಿ ಕೂರಿಸಬಹುದಿತ್ತು. ಆದರೆ ಬೆಳಿಗ್ಗೆ ಮರಿಯನ್ನು ಮುಟ್ಟದೆ ಬಿಟ್ಟು ಬಾ ಎಂದು ನಾವೇ ಹೇಳಿದ್ದೆವು. ಅದು ಸರಿಯೋ ತಪ್ಪೋ ಎಂಬುದನ್ನು ಕಣ್ಣಾರೆ ನೋಡುವ ಹಕ್ಕು ಅವನಿಗಿತ್ತು. ಒಂದು ದಿನದ ರಜೆ ಎಂದು ನಿರ್ಧರಿಸಿದೆ.

ಮತ್ತೆ ಅದೇ ಜಗಲಿ, ಅದೇ ಕತ್ತಲೆ. ಆರೂವರೆಯಾಯಿತು, ಬರಲಿಲ್ಲ. ಆರೂ ಮುಕ್ಕಾಲಾಯಿತು. ದೂರದ ಯಾವುದೋ ಮನೆಯಲ್ಲಿ ಹಬ್ಬದ ಕೊನೆಯ ಈಡೊಂದು ಸಿಡಿಯಿತು. ಮಗ ಬೆಚ್ಚಿದ. ಕುರ್ಚಿಯ ಕೈ ಹಿಡಿದಿದ್ದ ಅಜ್ಜನ ಬೆರಳುಗಳೂ ಬಿಗಿಯಾದದ್ದನ್ನು ನಾನು ಗಮನಿಸಿದೆ. ಮಧ್ಯಾಹ್ನ ಕೋವಿ ಹಿಡಿದಾಗ ಅವು ನಡುಗಿರಲಿಲ್ಲ. ಈಗ ಸ್ವಲ್ಪ ನಡುಗುತ್ತಿದ್ದವು.

ಇನ್ನು ಏನೂ ಕಾಣುವುದಿಲ್ಲ ಎನ್ನುವಷ್ಟು ಕತ್ತಲಾದಾಗ ಬೇಲಿಯ ಬುಡದಲ್ಲಿ ನೆರಳೊಂದು ಸರಿಯಿತು. ನಿಂತಿತು. ಹಿಂದಕ್ಕೆ ಹೋಯಿತು. ಪಕ್ಕಕ್ಕೆ ಒಂದು ಜಿಗಿತ. ಅಜ್ಜ ಹೇಳಿದ್ದ ಹಾಗೆಯೇ. ಗೆಣಸಿನ ಪಾತಿಯ ಹತ್ತಿರ ಬಂದು ಮುಂಗಾಲೂರಿ ನೆಟ್ಟಗೆ ಕೂತಿತು. ಎಡಗಿವಿ ಗಿಡ್ಡ. ಬಳ್ಳಿಯೊಳಗಿಂದ ಒಂದು ಪುಟ್ಟ ನೆರಳು ಓಡಿ ಬಂದು ಅದರ ಹೊಟ್ಟೆಯಡಿ ಸೇರಿಕೊಂಡಿತು. ಕೆಸದ ಗಿಡಗಳ ಕಡೆಯಿಂದ ಇನ್ನೊಂದು. ಐದು ನಿಮಿಷವೂ ಆಗಿರಲಿಕ್ಕಿಲ್ಲ. ತಾಯಿ ಎದ್ದು, ಒಮ್ಮೆಯೂ ತಿರುಗಿ ನೋಡದೆ, ಕಾಫಿ ತೋಟದ ಒಳಗೆ ಹೋಗಿಬಿಟ್ಟಿತು.

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಒಳಗಿಂದಲೇ ಕೇಳಿದರು: "ಬಂತಾ?" ಬೀನ್ಸಿನ ಬಗ್ಗೆ ಅಷ್ಟು ದೂರಿದ್ದ ಅಜ್ಜಿಯೂ ದೀಪ ಹಾಕದೆ ಕಾಯುತ್ತಿದ್ದರು!

ಹೊರಡುವಾಗ ಅಜ್ಜ ಮಗನ ತಲೆ ನೇವರಿಸಿ, "ಬೆಳಿಗ್ಗೆ ನೀನು ಮುಟ್ಟದೇ ಇದ್ದೆಯಲ್ಲ, ನನಗೆ ಆ ವಯಸ್ಸಿನಲ್ಲಿ ಆಗುತ್ತಿರಲಿಲ್ಲ" ಎಂದರು. ಶಾಲೆಗೆ ಕೊಟ್ಟ ರಜೆಯ ಅರ್ಜಿಯಲ್ಲಿ ಕಾರಣ ಏನು ಬರೆಯಲಿ ಎಂದು ಕೇಳಿದೆ. "ಮೊಲ ನೋಡಲು ಎಂದೇ ಬರೆಯಿರಿ" ಎಂದ ಮಗ. ಹಾಗೆಯೇ ಬರೆದೆ.

ಆ ವರ್ಷದ ದೀಪಾವಳಿಗೆ ಶುಭಾಶಯ ಹೇಳಲು ಫೋನ್ ಮಾಡಿದಾಗ ಮಗ ರಿಸೀವರ್ ಕಸಿದುಕೊಂಡು ಮೊದಲು ಕೇಳಿದ್ದು ಮರಿಗಳ ವಿಷಯ. ಮರಿಗಳು ಎಲ್ಲಿಗೋ ಹೋದವಂತೆ; ಮೊಲದ ಮರಿ ತಿಂಗಳೊಳಗೆ ತಾಯಿಯ ಹಂಗು ಬಿಡುತ್ತದೆ. ತುಂಡು ಕಿವಿಯದೂ ಹತ್ತು ದಿನದಿಂದ ಕಂಡಿಲ್ಲವಂತೆ. ಬದುಕಿದೆಯೋ ಇಲ್ಲವೋ ಎಂದು ಮಗ ಕೇಳಿದ. ಯಾರಿಗೆ ಗೊತ್ತು ಎಂದರಂತೆ ಅಜ್ಜ.

"ಹಾಗಾದರೆ ಆ ಹುಲ್ಲು ಕೊಯ್ದುಬಿಟ್ಟಿರಾ?"

"ಇಲ್ಲ, ಹಾಗೇ ಇದೆ. ನಿನ್ನೆ ನಿಮ್ಮ ಅಜ್ಜಿ ಬೀನ್ಸ್ ಇನ್ನೊಂದು ಸಾಲು ಹಾಕಿದ್ದಾಳೆ. ಯಾಕೆ ಅಂತ ನಾನು ಕೇಳಲಿಲ್ಲ."